ಅರಿಶಿನ ಮಿದುಳಿಗೆ ಮುಟ್ಟುತ್ತಾ?

ಎಲ್ಲರಿಗೂ ನಮಸ್ಕಾರ.

ಈಗ ಇಲ್ಲಿಗೆ ಬರುವ ಮುಂಚೆ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಗಲ್ಲಾಪೆಟ್ಟಿಗೆ ಪಕ್ಕ ಒಂದು ಡಬ್ಬಿ ಇತ್ತು. ಮೇಲೆ ‘ನೇರ ಮಿದುಳಿಗೆ ತಲುಪುವ ಅರಿಶಿನದ ಸಾರ’ ಅಂತ ಬರೆದಿತ್ತು. ನನಗೆ ಟೀ ನೆತ್ತಿಗೆ ಹತ್ತಿತು. ಯಾಕೆಂದರೆ ತಲುಪಿತಾ, ತಲುಪಿದರೆ ಎಷ್ಟು ಅಂತ ಅಳೆಯುವುದೇ ನನ್ನ ಹೊಟ್ಟೆಪಾಡು.

ಮಿದುಳಿಗೆ ಕಾವಲು ಜಾಸ್ತಿ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಯ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಮೈಯೆಲ್ಲ ಬಣ್ಣ ಹಿಡಿಯಿತು, ಮಿದುಳು ಮಾತ್ರ ಹಾಗೇ ಉಳಿಯಿತು. ರಕ್ತದಲ್ಲಿರುವುದೆಲ್ಲ ಒಳಗೆ ಹೋಗುವುದಿಲ್ಲ.

ಸರಿ, ಅಳೆಯುವುದು ಹೇಗೆ? ಮನುಷ್ಯರ ಮಿದುಳನ್ನು ತೆಗೆದು ನೋಡಲಾಗುವುದಿಲ್ಲ, ಇಲಿಯೇ ಗತಿ. ಅದರ ಮಿದುಳು ಸುಮಾರು 2 ಗ್ರಾಂ, ಒಂದು ನೆನೆಸಿದ ಬಾದಾಮಿಯಷ್ಟು. ಔಷಧಿ ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಅರಿವಳಿಕೆ ಕೊಟ್ಟು, ಹೃದಯದ ಮೂಲಕ ಸಲೈನ್ ಹಾಯಿಸುತ್ತೇವೆ. ರಕ್ತವೆಲ್ಲ ತೊಳೆದು ಹೋಗಬೇಕು. ಇಲ್ಲೇ ಇರುವುದು ಎಡವಟ್ಟು.

ಲೆಕ್ಕ ನೋಡಿ. ತೊಳೆಯದೆ ಬಿಟ್ಟರೆ ಮಿದುಳಿನ ನಾಳಗಳಲ್ಲಿ ನೂರಕ್ಕೆ ಎರಡು ಮೂರು ಪಾಲು ರಕ್ತ ಉಳಿದಿರುತ್ತದೆ. ಅಂದರೆ 2 ಗ್ರಾಮಿನಲ್ಲಿ ಸುಮಾರು 50 ಮೈಕ್ರೋಲೀಟರ್, ಒಂದು ಹನಿ ಅನ್ನಿ. ರಕ್ತದ ಒಂದು ಮಿಲಿಲೀಟರಿನಲ್ಲಿ 1000 ನ್ಯಾನೊಗ್ರಾಂ ಔಷಧಿ ಇದೆ ಅಂದುಕೊಳ್ಳಿ. ಆ ಹನಿಯಲ್ಲೇ 50 ನ್ಯಾನೊಗ್ರಾಂ ಆಯಿತು. ಔಷಧಿ ಬಾಗಿಲು ದಾಟಿರುವುದೇ ಇಲ್ಲ, ಆದರೂ ‘ಮಿದುಳಲ್ಲಿ ಗ್ರಾಮಿಗೆ 25 ನ್ಯಾನೊಗ್ರಾಂ ಸಿಕ್ಕಿತು’ ಅಂತ ವರದಿ ಬರೆದುಬಿಡಬಹುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಬರೆದಿದ್ದೆ! ಚೆನ್ನಾಗಿ ತೊಳೆದ ಮಿದುಳು ಗಟ್ಟಿ ಮೊಸರಿನ ಬಣ್ಣಕ್ಕಿರುತ್ತದೆ. ನನ್ನದು ನಸುಗೆಂಪಾಗಿತ್ತು, ಅದರ ಕಡೆ ಲಕ್ಷ್ಯವೇ ಕೊಡಲಿಲ್ಲ. ಅಳೆಯುವ ಯಂತ್ರದ ಪರದೆ ಮೇಲೆ ಔಷಧಿ ಇದೆ ಅಂತ ತೋರಿಸುವ ಚೆಂದದ ಗೋಪುರ ಎದ್ದಿತು, ನಾನು ಲ್ಯಾಬಿಗೆಲ್ಲ ಮೈಸೂರುಪಾಕ್ ಹಂಚಿದೆ. ಮುಂದಿನ ವಾರ ಸರಿಯಾಗಿ ತೊಳೆದು ಮಾಡಿದೆ. ಗೋಪುರ ಇಲ್ಲ.

ಮುಂದಿನದು ಅಡುಗೆಮನೆ ಕೆಲಸದ ಹಾಗೆ. ಮಿದುಳನ್ನು ಐಸ್ ಮೇಲಿಟ್ಟು ಅರೆದು, ಅಸಿಟೋನೈಟ್ರೈಲ್ ಅನ್ನುವ ದ್ರಾವಕ ಸುರಿದರೆ ಹಾಲು ಒಡೆದ ಹಾಗೆ ಪ್ರೋಟೀನ್ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರಕ್ಕೆ, ಕೊಡುತ್ತೇವೆ. ಆದರೆ ಮಿದುಳಿನ ತುಂಬ ಕೊಬ್ಬು. ಅದು ಔಷಧಿಯ ಸಿಗ್ನಲ್ಲನ್ನು ಅದುಮಿಬಿಡುತ್ತದೆ. ಅದಕ್ಕೇ ಔಷಧಿ ಕುಡಿಯದ ಇಲಿಯ ಮಿದುಳಿಗೆ ಗೊತ್ತಿರುವಷ್ಟು ಔಷಧಿ ನಾವೇ ಬೆರೆಸಿ, ಎಷ್ಟು ವಾಪಸ್ ಸಿಗುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಅಂತೂ ಬಲು ನಾಜೂಕು. ರಕ್ತದಷ್ಟೇ ಕ್ಷಾರ ಇರುವ, ಮೈ ಬಿಸಿಯಷ್ಟೇ ಬೆಚ್ಚಗಿರುವ ಬರೀ ಬಫರ್ ದ್ರಾವಣದಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಮುರಿದುಹೋಗುತ್ತದೆ. ಬೆಳಕೂ ಆಗಿಬರುವುದಿಲ್ಲ. ಕಂದು ಟ್ಯೂಬು, ಮಂದ ದೀಪ, ಕೈ ಚುರುಕು, ಇಷ್ಟಿದ್ದರೆ ಮಾತ್ರ ಏನಾದರೂ ಉಳಿದೀತು.

ಕುಡಿಸಿದ ಕರ್ಕ್ಯುಮಿನ್ ಮೈಯಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಬಹಳ ಹಿಂದೆಯೇ ಹುಡುಕಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದರು. 1980ರಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ ಇಲಿಗಳಿಗೆ 400 ಮಿಲಿಗ್ರಾಂ ಕರ್ಕ್ಯುಮಿನ್ ಕುಡಿಸಿದರು. ಇಲಿಗೆ ಅದು ರಾಶಿ! ನೂರಕ್ಕೆ ಅರವತ್ತರಷ್ಟು ಹೀರಿಕೊಂಡಿತ್ತು. ಆದರೂ ಹೃದಯದ ರಕ್ತದಲ್ಲಿ ನೋಡಿದರೆ ಕರ್ಕ್ಯುಮಿನ್ ಇಲ್ಲವೇ ಇಲ್ಲ. ಕರುಳಿಂದ ಲಿವರಿಗೆ ಹೋಗುವ ರಕ್ತದಲ್ಲಿ ಚೂರು, ಲಿವರು ಕಿಡ್ನಿಯಲ್ಲಿ ಚೂರು. ಹೃದಯಕ್ಕೇ ಬಾರದ್ದು ಮಿದುಳಿಗೆ ಎಲ್ಲಿಂದ ಹೋಗಬೇಕು, ಅಲ್ವಾ?

‘ಅರಿಶಿನಕ್ಕೆ ಕಾಳುಮೆಣಸು ಸೇರಿಸಿದರೆ 20 ಪಟ್ಟು ಮೈಗೆ ಹತ್ತುತ್ತದೆ’ ಅನ್ನುವ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರುತ್ತದೆ. ಅದರ ಮೂಲವೂ ನಮ್ಮಲ್ಲೇ ಇದೆ: ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, 1998. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್‌ನಲ್ಲಿ ಮನುಷ್ಯರಲ್ಲಿ ಶೇಕಡ 2000 ಏರಿಕೆ. ಇಲಿಗಳಲ್ಲಿ ಬರೀ ಶೇಕಡ 154. ಸಂಖ್ಯೆ ನಿಜ. ಆದರೆ ಅವರು ಅಳೆದಿದ್ದು ರಕ್ತದ ಸೀರಮ್ಮಿನಲ್ಲಿ, ಮಿದುಳಲ್ಲಲ್ಲ. ಇನ್ನು, 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ಸುಮಾರು 65 ಗ್ರಾಂ ಅರಿಶಿನ ಪುಡಿ ತಿನ್ನಬೇಕು. ಸಾರಿಗೆ ಹಾಕುವ ಚಿಟಿಕೆಯಿಂದ ಆಗುವ ಮಾತಲ್ಲ.

ಹಾಗಾದರೆ ಮಿದುಳಿಗೆ ಮುಟ್ಟದ ಗಿಡಮೂಲಿಕೆ ಸುಮ್ನೆ ದಂಡವಾ? ಅಂಥ ತೀರ್ಪು ಕೊಡುವ ಚಟ ನನಗೂ ಇತ್ತು. ಅದನ್ನು ಬಿಡಿಸಿದ್ದೂ ಅದೇ ರವೀಂದ್ರನಾಥ್ ಅವರ ಇನ್ನೊಂದು ಕೆಲಸ. 2012ರಲ್ಲಿ ಅವರ ತಂಡ ಅಲ್ಝೈಮರ್ ತರಿಸಿದ ಸುಂಡಿಲಿಗಳಿಗೆ 30 ದಿನ ಅಶ್ವಗಂಧದ ಬೇರಿನ ಸಾರ ಕುಡಿಸಿತು. ಮಿದುಳಲ್ಲಿ ಕಟ್ಟಿಕೊಂಡಿದ್ದ, ಆ ರೋಗದ ಗುರುತಾದ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಗಸಿ ಇಳಿಯಿತು, ಮರೆವು ಹಿಮ್ಮೆಟ್ಟಿತು. ಆದರೆ ಕೆಲಸ ನಡೆದದ್ದು ಲಿವರಿನಲ್ಲಿ. ಅಲ್ಲಿ ಎಲ್‌ಆರ್‌ಪಿ ಅನ್ನುವ ಪ್ರೋಟೀನ್ ಹೆಚ್ಚಾಗಿ, ಅಮಿಲಾಯ್ಡನ್ನು ಮಿದುಳಿಂದ ರಕ್ತಕ್ಕೆ ಎಳೆದುಕೊಂಡಿತ್ತು. ಲಿವರಿನಲ್ಲಿ ಆ ಪ್ರೋಟೀನನ್ನು ತಗ್ಗಿಸಿದರು, ಗುಣವೂ ಮಾಯವಾಯಿತು.

ಅದನ್ನು ಓದಿದ ದಿನದಿಂದ ನನ್ನ ಐಸ್ ಡಬ್ಬಿಯಲ್ಲಿ ಮಿದುಳಿನ ಟ್ಯೂಬಿನ ಪಕ್ಕ ಇನ್ನೊಂದು ಟ್ಯೂಬ್ ಇರುತ್ತದೆ. ಅದರಲ್ಲಿ ಒಂದು ಚೂರು ಲಿವರ್.