ತೋಟಕ್ಕೆ ನೀರು ಎಲ್ಲಿಂದ?

ನಮಸ್ಕಾರ, ಕೇಳುಗರೆ.

ವಿಜಯಪುರಕ್ಕೆ ನೆಂಟರು ಬಂದರೆ ನಾವೆಲ್ಲ ಮೊದಲು ಕರೆದೊಯ್ಯುವುದು ಗೋಳಗುಮ್ಮಟಕ್ಕೆ. ಅದು ಇರಲಿ. ಆದರೆ ಮನೆಮಂದಿಯೆಲ್ಲ ಸೇರಿ ಸಂಜೆ ಸುಮ್ನೆ ಒಂದು ಸುತ್ತು ಹಾಕಿ ಬರಬೇಕು ಅಂದಾಗ ನಮ್ಮ ಮನೆಯಲ್ಲಿ ಗಗನ ಮಹಲಿನ ತೋಟಕ್ಕೇ ಓಟು ಜಾಸ್ತಿ. ಊರ ನಡುವೆಯೇ ಇದೆ, ತೀರಾ ದೊಡ್ಡದೂ ಅಲ್ಲ. ಮೊಣಕಾಲು ನೋವಿನ ನಮ್ಮ ಅವ್ವ ನಡುನಡುವೆ ಕೂತು ಎದ್ದು ಪೂರ್ತಿ ಸುತ್ತು ಮುಗಿಸುತ್ತಾರೆ. ಸಣ್ಣ ಮಗ ಎಷ್ಟು ಓಡಿದರೂ ಕಣ್ಣಿಗೆ ಕಾಣುತ್ತಾನೆ. ಮನೆಮಂದಿಗೆ ತೋಟ ಅಂದರೆ ಇಷ್ಟೇ ಬೇಕಾಗಿರುವುದು, ಅಲ್ವಾ?

ಅಲ್ಲಿ ಮಕ್ಕಳ ಕಣ್ಣು ಹೋಗುವುದು ಕಮಾನಿನ ಮೇಲೆ. ನಡುವಿನ ಕಮಾನಿನ ಅಗಲವೇ ಸುಮಾರು 60 ಅಡಿ. ಇಲ್ಲಿನ ಸುಲ್ತಾನ ಒಂದನೆಯ ಅಲಿ ಆದಿಲ್ ಶಾಹ 1561ರ ಸುಮಾರಿಗೆ ಕಟ್ಟಿಸಿದ ಅರಮನೆ ಇದು. ಕೆಳಗೆ ದರ್ಬಾರು, ಮೇಲೆ ಅರಸು ಮನೆತನದ ವಾಸ. ಮರದ ಕಂಬ, ಮರದ ಮಾಳಿಗೆ ಎಲ್ಲ ಹೋಗಿ ಈಗ ಕಲ್ಲಷ್ಟೇ ಉಳಿದಿದೆ. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಆದಿಲ್ ಶಾಹಿ ಆಳ್ವಿಕೆಯೇ ಮುಗಿಯಿತು. ಇಷ್ಟನ್ನು ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವ್ವ ಹುಲ್ಲಿನ ಮೇಲೆ ಕೈ ಆಡಿಸಿ ಕೇಳಿದರು: "ಇದಕ್ಕ ದಿನಾ ನೀರ ಬೇಕಲ್ಲೋ. ಎಲ್ಲಿಂದ ತರ್ತಾರ?"

ಹಳ್ಳಿಯಲ್ಲಿ ಬಾವಿಯಿಂದ ಕೊಡ ಹೊತ್ತು ಬೆಳೆದವರು. ಹಸಿರು ಕಂಡರೆ ಅವರಿಗೆ ಮೊದಲು ನೆನಪಾಗುವುದು ನೀರಿನ ಲೆಕ್ಕ. ಅಷ್ಟು ವರ್ಷ ಈ ತೋಟದಲ್ಲಿ ಅಡ್ಡಾಡಿದರೂ ನನಗಾಗಲಿ, ನನ್ನ ಹೆಂಡತಿಗಾಗಲಿ ಈ ಪ್ರಶ್ನೆ ಬಂದಿರಲಿಲ್ಲ ನೋಡಿ.

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಚೀಚೆ. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈಕೊಡುತ್ತದೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಇಂಥ ಊರನ್ನು ರಾಜಧಾನಿ ಮಾಡಿಕೊಂಡವರು ಮೊದಲು ಚಿಂತೆ ಮಾಡಬೇಕಾದದ್ದು ನೀರಿನದೇ. ಪಶ್ಚಿಮಕ್ಕೆ ತೊರವಿಯ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. ಮೇಲೆ ಸಾಲಾಗಿ ಬಾವಿಯಂಥ ಕಂಡಿಗಳು. ಗಾಳಿ ಆಡಲಿಕ್ಕೂ ಅವೇ, ಇಳಿದು ಹೂಳು ತೆಗೆಯಲಿಕ್ಕೂ ಅವೇ. ಅಲ್ಲಿನ ಸುರಂಗ ಬಾವಡಿ ಈಗಲೂ ಇದೆ. ದಕ್ಷಿಣಕ್ಕೆ 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಹರಿಯುತ್ತಿತ್ತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಗಂಜ್. ಗಂಜ್ ಅಂದರೆ ಕಲ್ಲಿನ ನೀರಿನ ಗೋಪುರ. ನೀರು ಒಂದೇ ರಭಸದಲ್ಲಿ ಇಳಿದು ಬಂದರೆ ಮಣ್ಣಿನ ಕೊಳವೆ ಒಡೆದುಹೋಗುತ್ತದೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ಈ ಗೋಪುರ ಕಟ್ಟಿದರು. ನೀರು ಅದರೊಳಗೆ ಏರುತ್ತದೆ, ಒತ್ತಡ ಕಳೆದುಕೊಳ್ಳುತ್ತದೆ, ಮತ್ತೆ ಇಳಿದು ಮುಂದೆ ಹೋಗುತ್ತದೆ. ಕುಕ್ಕರಿನ ಸೀಟಿ ಇದ್ದಂತೆ ಅಂದೆ. ಮಗಳಿಗೆ ತಕ್ಷಣ ತಿಳಿಯಿತು. ಅವ್ವ ಮಾತ್ರ "ಮತ್ತ ಈಗ?" ಅಂದರು. ಈಗ ಊರಿಗೆ ಕುಡಿಯುವ ನೀರು ಬರುವುದು ಕೊಲ್ಹಾರದ ಕಡೆಯಿಂದ, ಕೃಷ್ಣಾ ನದಿಯಿಂದ. ಅವರು ಒಂದಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ, ಹುಲ್ಲಿನ ಬದಲು ಬೇವು ಹಚ್ಚಬಾರದೇನು ಅಂದರು.

ನಾನೂ ಅದೇ ಪಕ್ಷ. ಹುಲ್ಲುಹಾಸು ಕಣ್ಣಿಗೆ ತಂಪು, ಫೋಟೋಕ್ಕೂ ಚೆನ್ನ, ಮಕ್ಕಳು ಬಿದ್ದರೆ ಮೊಣಕಾಲು ತರಚುವುದಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಹಳದಿ ತಿರುಗುತ್ತದೆ. ಬೇವು ಹಾಗಲ್ಲ. ಒಮ್ಮೆ ಬೇರು ಆಳಕ್ಕೆ ಇಳಿಯಿತೆಂದರೆ ನಮ್ಮ ಬಿಸಿಲಿಗೆ ಜಗ್ಗುವುದಿಲ್ಲ. ನಡು ಬೇಸಿಗೆಯಲ್ಲೂ ನೆರಳು ಕೊಡುತ್ತದೆ. ಇನ್ನು ಅರಮನೆಯ ಮುಂದೆ ಗಿಡ ಬೆಳೆದರೆ ಕಮಾನು ಮರೆಯಾಗುತ್ತದೆ ಎಂಬ ಮಾತೂ ಬರಬಹುದು. ಒಪ್ಪಿದೆ. ಹಾಗಾದರೆ ಕಮಾನಿನ ಎದುರು ಹುಲ್ಲು ಇರಲಿ, ನಡೆಯುವ ದಾರಿಯ ಮೇಲೆ ನೆರಳು ಬೀಳಲಿ. ಹೊಸ ಬಡಾವಣೆಯ ಪಾರ್ಕುಗಳಿಗಂತೂ ಈ ಅಡ್ಡಿಯೂ ಇಲ್ಲ. ಅಲ್ಲೂ ಬರೀ ಹುಲ್ಲು ಯಾಕೆ ಹಾಸುತ್ತಾರೋ!

ನೀವೂ ಮನೆಯವರನ್ನು ಕರೆದುಕೊಂಡು ಹೋಗಿ. ಬೇಸಿಗೆಯಾದರೆ ಬೆಳಗ್ಗೆ ಬೇಗ, ಇಲ್ಲವೇ ಐದರ ಮೇಲೆ. ಕುಡಿಯುವ ನೀರು ಜೊತೆಗಿರಲಿ. ಗೋಡೆ ಹತ್ತುವ ಮಕ್ಕಳ ಮೇಲೆ ಒಂದು ಕಣ್ಣಿಡಿ. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ, ಅರ್ಧಕ್ಕೆ ನಿಂತ ಸಮಾಧಿ ಬಾರಾ ಕಮಾನ್ ಹತ್ತಿರವೇ ಇದೆ, ಅಲ್ಲಿಯೂ ತೋಟವಿದೆ. ನಮ್ಮ ಮಗಳಂತೂ ಈಗ ಪೇಟೆಗೆ ಹೋದಾಗಲೆಲ್ಲ ಗಂಜ್ ಎಲ್ಲಿದೆ ಅಂತ ಹುಡುಕುತ್ತಾಳೆ. ಸಂತೆ ಚೀಲ ನನ್ನ ಕೈಗೆ ಕೊಟ್ಟು!

ನಮಸ್ಕಾರ.