ಪೇ ಸ್ಲಿಪ್ ಓದಲು ಕಲಿತವರು

ಕೇಳುಗರೆಲ್ಲರಿಗೂ ನಮಸ್ಕಾರ.

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿ ಹತ್ತಿರ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ಹೊಸೂರು ರಸ್ತೆಗೆ ಬಂದರು. ನೋಡನೋಡುತ್ತಿದ್ದಂತೆ ಸಾವಿರಾರು ಜನ ಸೇರಿದರು. ಮಾರನೇ ದಿನ ಅದು ಪೀಣ್ಯ, ಜಾಲಹಳ್ಳಿ ಕಡೆಗೂ ಹಬ್ಬಿತು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ವೇದಿಕೆ ಇರಲಿಲ್ಲ, ಮೈಕ್ ಇರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಊರು ಕೇಳಿದ್ದು ಒಂದೇ ಮಾತು: ಇವರೆಲ್ಲ ಎಲ್ಲಿಂದ ಬಂದರು? ಆ ಮಾತು ನನಗೆ ಬೇಸರ ತರಿಸಿತ್ತು. ಊಟದ ಬ್ಯಾಗ್ ಹಿಡಿದು ದಿನಾ ಬೆಳಿಗ್ಗೆ ಅದೇ ರಸ್ತೆ ದಾಟುತ್ತಿದ್ದವರು ಅವರೇ ಅಲ್ವಾ?

ಸಿಟ್ಟಿಗೆ ಕಾರಣ ಪಿಎಫ್, ಅಂದರೆ ತಿಂಗಳ ಸಂಬಳದಲ್ಲಿ ಹಿಡಿದಿಡುವ ಭವಿಷ್ಯ ನಿಧಿ. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಅದರ ಪ್ರಕಾರ ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವ ತನಕ ಕೈಗೆ ಸಿಗುವುದಿಲ್ಲ. ಕಾಗದದ ಮೇಲೆ ಓದಿದರೆ ಒಳ್ಳೆಯದೇ ಅನ್ನಿಸುತ್ತದೆ. ಮುಪ್ಪಿಗೆ ಉಳಿತಾಯ ಬೇಡವೇ? ಆದರೆ ಹೊಲಿಗೆ ಮಿಷನ್ ಮುಂದೆ 58 ವರ್ಷದ ಹೆಂಗಸನ್ನು ಕಾಣುವುದೇ ಅಪರೂಪ. ಅಷ್ಟರಲ್ಲಿ ಕಣ್ಣು ಮಂಜಾಗಿರುತ್ತದೆ, ಸೊಂಟ ಹಿಡಿದಿರುತ್ತದೆ. ಟಾರ್ಗೆಟ್ ಮುಗಿಸುವ ವೇಗ ಇಲ್ಲ ಎಂದು ಅದಕ್ಕೂ ಎಷ್ಟೋ ಮುಂಚೆ ಮನೆಗೆ ಕಳಿಸಿರುತ್ತಾರೆ.

ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂಲ ವೇತನ, ತುಟ್ಟಿಭತ್ಯೆ ಎರಡೂ ಸೇರಿ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 12ರಂತೆ ಕಾರ್ಮಿಕರ ಸಂಬಳದಿಂದ 840 ರೂಪಾಯಿ ಪಿಎಫ್‌ಗೆ ಹೋಗುತ್ತದೆ. ಮಾಲೀಕರೂ 840 ಕಟ್ಟುತ್ತಾರೆ. ಆದರೆ ಅದರಲ್ಲಿ 583 ರೂಪಾಯಿ ಪಿಂಚಣಿ ಯೋಜನೆಗೆ ಹೋಗಿ, ಪಿಎಫ್ ಖಾತೆಗೆ ಬೀಳುವುದು 257 ಮಾತ್ರ. ತಿಂಗಳ ಸಂಬಳ ಬಾಡಿಗೆ, ರೇಷನ್, ಬಸ್ಸಿಗೇ ಮುಗಿಯುವ ಮನೆಯಲ್ಲಿ ಬೇರೆ ಉಳಿತಾಯ ಎಲ್ಲಿಂದ ಬರಬೇಕು? ಹಾಗಾಗಿ ಈ ಹೆಂಗಸರು ತಮ್ಮದೇ ದಾರಿ ಕಂಡುಕೊಂಡಿದ್ದರು. ಕೆಲವು ವರ್ಷ ದುಡಿಯುವುದು, ರಾಜೀನಾಮೆ ಕೊಡುವುದು, ಎರಡು ತಿಂಗಳು ಕಾದು ಪಿಎಫ್ ತೆಗೆಯುವುದು, ಇನ್ನೊಂದು ಫ್ಯಾಕ್ಟರಿಗೆ ಸೇರುವುದು. ಮಗಳ ಮದುವೆ, ಮಗನ ಕಾಲೇಜು ಫೀಸು, ಊರಲ್ಲಿ ಅರ್ಧಕ್ಕೆ ನಿಂತ ಮನೆ, ಎಲ್ಲ ಆ ದುಡ್ಡಿನ ಮೇಲೆ ನಿಂತಿತ್ತು.

ಇದರಲ್ಲಿ ನಷ್ಟವೂ ಇತ್ತು, ಅದನ್ನೂ ಹೇಳಬೇಕು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಂತೆ ಐದು ವರ್ಷ ಒಂದೇ ಕಡೆ ದುಡಿದರೆ, ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಎಂಬ ಇಡುಗಂಟು ಮಾಲೀಕರಿಂದ ಸಿಗಬೇಕಿತ್ತು. ನಾಲ್ಕನೇ ವರ್ಷಕ್ಕೇ ರಾಜೀನಾಮೆ ಕೊಟ್ಟರೆ ಅದು ಹೋಯಿತು. ಪಿಎಫ್ ತೆಗೆಯುವ ಆತುರದಲ್ಲಿ ಗ್ರಾಚ್ಯುಟಿ ಕಳಕೊಳ್ಳಬೇಡಿ ಎಂದು ಯೂನಿಯನ್ನಿನವರು ಹೇಳುತ್ತಲೇ ಇದ್ದರು. ಆದರೆ ಜೂನ್‌ನಲ್ಲಿ ಫೀಸು ಕಟ್ಟಬೇಕಾದ ತಾಯಿಗೆ ಮುಂದಿನ ವರ್ಷದ ಗ್ರಾಚ್ಯುಟಿಯ ಮಾತು ಹೇಗೆ ರುಚಿಸಬೇಕು?

ಎರಡನೇ ದಿನ ಬಸ್ಸುಗಳು ಸುಟ್ಟವು, ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಅದೇ ಸಂಜೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ವಾಪಸ್ ಪಡೆಯಿತು. ಆ ಬದಲಾವಣೆಯ ಲಾಭ ಬರೀ ಗಾರ್ಮೆಂಟ್ಸ್‌ನವರಿಗೆ ಆಗಲಿಲ್ಲ. ಇಡೀ ದೇಶದ ಪಿಎಫ್ ಸದಸ್ಯರಿಗೆ ಆಯಿತು. ಅವತ್ತು ರಸ್ತೆಯಲ್ಲಿ ಬೈದುಕೊಂಡು ಕೂತಿದ್ದ ಕಾರಿನವರಲ್ಲೂ ಪಿಎಫ್ ಇದ್ದವರು ಇದ್ದೇ ಇರುತ್ತಾರೆ.

ನಾನು ಒತ್ತಿ ಹೇಳಬೇಕೆಂದಿರುವುದು ಇದು: ಆ ಎರಡು ದಿನದ ಹಿಂದೆ ಎಷ್ಟೋ ವರ್ಷಗಳ ಭಾನುವಾರಗಳಿವೆ. ಗಾರ್ಮೆಂಟ್ಸ್ ಕೆಲಸಗಾರರಿಗೆ ಬಿಡುವು ಭಾನುವಾರವೇ. ಬಟ್ಟೆ ಒಗೆದು, ವಾರದ ತರಕಾರಿ ತಂದು, ಮಧ್ಯಾಹ್ನದ ಮೇಲೆ ವಠಾರದ ಒಂದು ಮನೆಯಲ್ಲಿ ಏಳೆಂಟು ಜನ ಕೂರುತ್ತಾರೆ. ಎದುರಿಗೆ ಪೇ ಸ್ಲಿಪ್. ಅದು ಗೇಣುದ್ದದ ತೆಳ್ಳನೆ ಕಾಗದ. ಮೇಲೆಲ್ಲ ಇಂಗ್ಲಿಷ್, ಸಣ್ಣ ಅಕ್ಷರ. ಊಟದ ಡಬ್ಬಿಯ ಜೊತೆ ಮಡಚಿಟ್ಟು ಎಣ್ಣೆ ಹತ್ತಿ ಅರ್ಧ ಅಳಿಸಿರುತ್ತದೆ. ಬೇಸಿಕ್ ಎಷ್ಟು, ವಿಡಿಎ ಅಂದರೆ ತುಟ್ಟಿಭತ್ಯೆ ಎಷ್ಟು, ಪಿಎಫ್ ಎಷ್ಟು ಹಿಡಿದರು, ಆಸ್ಪತ್ರೆ ಖರ್ಚಿನ ವಿಮೆ ಇಎಸ್ಐಗೆ ಎಷ್ಟು, ರಜೆ ಎಷ್ಟು ಹಾಕಿದರು. ಬೆರಳಿಟ್ಟು ಒಂದೊಂದೇ ಓದುತ್ತಾರೆ. "ಅಕ್ಕಾ, ನಾನು ಆಬ್ಸೆಂಟೇ ಆಗಿಲ್ಲ, ಇದ್ಯಾಕೆ ಎರಡು ದಿನ ಕಮ್ಮಿ?" ಎಂದು ಒಬ್ಬಳು ಕೇಳುತ್ತಾಳೆ. ಸೋಮವಾರ ಅದೇ ಪ್ರಶ್ನೆ ಎಚ್‌ಆರ್ ಟೇಬಲ್ ಮುಂದೆ ಕೇಳಲು ಅವಳ ಜೊತೆ ಇನ್ನಿಬ್ಬರು ಹೋಗುತ್ತಾರೆ. ಒಬ್ಬಳೇ ಹೋದರೆ ಗದರಿಸಿ ಕಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಪ್ರಗತಿಪರ ರಾಜಕಾರಣ ಎಂದರೆ ಮೊದಲು ಈ ಮೂವರು ಆ ಟೇಬಲ್ ಮುಂದೆ ನಿಲ್ಲುವುದು.

ಇದೇ ಓದು 2020ರಲ್ಲೂ ಕೆಲಸಕ್ಕೆ ಬಂತು. ಆ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ ತುಟ್ಟಿಭತ್ಯೆ ಏರಬೇಕಿತ್ತು. ಕೊರೊನಾ ಕಾರಣ ಕೊಟ್ಟು ರಾಜ್ಯ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಎಷ್ಟೋ ಫ್ಯಾಕ್ಟರಿಗಳು ದುಡ್ಡು ಕೊಡಲಿಲ್ಲ. 417 ರೂಪಾಯಿ ಸಣ್ಣ ಮೊತ್ತ ಅನ್ನಿಸಬಹುದು. ಆದರೆ ಅದು ಪ್ರತಿ ತಿಂಗಳ ದುಡ್ಡು. ಸ್ಲಿಪ್ಪಿನಲ್ಲಿ ವಿಡಿಎ ಕಾಲಂ ಎಲ್ಲಿದೆ ಎಂದು ಗೊತ್ತಿದ್ದವರು ಸುಮ್ನೆ ಕೂರಲಿಲ್ಲ. ಅದನ್ನು ಊರಿಗೆಲ್ಲ ತೋರಿಸಿದರು. ಯೂನಿಯನ್‌ಗಳು ಸರ್ಕಾರದ ಮೇಲೂ, ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಮೇಲೂ ಒತ್ತಡ ತಂದವು. ಕೊನೆಗೆ 2022ರಲ್ಲಿ ಹಿಂಬಾಕಿ ಕೈಸೇರತೊಡಗಿತು.

ಈಗಿನ ತೊಂದರೆ ಬೇರೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ಖಾತೆಯಲ್ಲಿ ಇನ್ನೊಂದು. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮಿ. ಹುಟ್ಟಿದ ದಿನ ಎರಡೂ ಕಡೆ ಬೇರೆ. ಯುಎಎನ್ ಎಂಬ ಪಿಎಫ್ ನಂಬರ್ ಒಬ್ಬರಿಗೆ ಒಂದೇ ಇರಬೇಕು, ಆದರೆ ಕೆಲವರಿಗೆ ಫ್ಯಾಕ್ಟರಿ ಬದಲಾದಾಗಲೆಲ್ಲ ಹೊಸದು. ಅಕ್ಷರ ತಾಳೆಯಾಗದಿದ್ದರೆ ದುಡ್ಡು ಅಲ್ಲೇ ಕೂತಿರುತ್ತದೆ. ಕಂಪ್ಯೂಟರ್ ಸೆಂಟರ್‌ನವರು ಒಂದು ಅರ್ಜಿಗೆ ಇಷ್ಟು ಎಂದು ಕೇಳುತ್ತಾರೆ. ಎರಡನೇ ಸಲ ಅರ್ಜಿ ತಿರಸ್ಕಾರವಾದಾಗ ಎಷ್ಟೋ ಜನ ಕೈಬಿಡುತ್ತಾರೆ.

ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ತಂಗಿಯರು ಇದನ್ನು ಕೇಳುತ್ತಿದ್ದರೆ, ಈ ಭಾನುವಾರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಪೇ ಸ್ಲಿಪ್ಪು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಪ್ಪಿದ್ದರೆ ಫ್ಯಾಕ್ಟರಿ ನಡೆಯುತ್ತಿರುವಾಗಲೇ ಸರಿ ಮಾಡಿಸಿ. ಕೆಲವು ತಿದ್ದುಪಡಿಗೆ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಫ್ಯಾಕ್ಟರಿ ಮುಚ್ಚಿ ಬೀಗ ಬಿದ್ದ ಮೇಲೆ ಆ ಒಪ್ಪಿಗೆಗೆ ಓಡಾಡುವುದು ತುಂಬಾ ಕಷ್ಟ. ಪಕ್ಕದ ಮನೆಯವಳ ಸ್ಲಿಪ್ಪನ್ನೂ ಜೊತೆಗೆ ತರಿಸಿಕೊಳ್ಳಿ. ನಮಸ್ಕಾರ.