ನನ್ನ ಕಾರು ಕೆಳಗಿಲ್ಲ, ಹಂಪ್ ಮೇಲಿದೆ

ನಮಸ್ಕಾರ. ಕ್ಯಾಮೆರಾ ಸ್ವಲ್ಪ ಕೆಳಗಿದೆ ಅನ್ನಿಸಿದರೆ ದಯವಿಟ್ಟು ಅದಕ್ಕೂ ಕಾಮೆಂಟ್ ಹಾಕಬೇಡಿ. ನಮ್ಮ ಮನೆಯಲ್ಲಿ ಎಲ್ಲವೂ ಕೆಳಗೇ ಇರುತ್ತದೆ.

ಇವತ್ತು ಟೈರ್ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಆದರೆ ಸ್ಪ್ರಿಂಗ್ ಬದಲಿಸಿ ನೆಲಕ್ಕೆ ಹತ್ತಿರ ಇಳಿಸಿದ ನನ್ನ ಕಾರು ನೋಡಿ, ಹೋದ ವಾರದ ವಿಡಿಯೋಗೆ ಒಬ್ಬರು ಬರೆದಿದ್ದಾರೆ: "ಗುರೂ, ಅದು ಕಾರಾ, ನೆಲ ಒರೆಸೋ ಬಟ್ಟೆನಾ?" ಅದಕ್ಕೆ ಬಿದ್ದಿರುವ ಲೈಕು ನನ್ನ ವಿಡಿಯೋಗೆ ಬಿದ್ದದ್ದಕ್ಕಿಂತ ಜಾಸ್ತಿ. ಅದರ ಕೆಳಗೆ ಒಬ್ಬ ಹಿರಿಯರು: "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪಾ. ರೋಡ್ ಹೇಗಿದೆಯೋ ಹಾಗೆ ಕಾರು ಇಟ್ಟುಕೊಳ್ಳಬೇಕು."

ಸಾರ್, ಹಾಸಿಗೆ ಸರಿಯಾಗಿಯೇ ಇದೆ. ಅದರ ನಡುವೆ ಯಾರೋ ಒರಳುಕಲ್ಲು ಇಟ್ಟಿದ್ದಾರೆ. ಅದರ ಬಗ್ಗೆ ಮಾತಾಡೋಣ.

ಟೈರ್ ಮುಂದಿನ ವಾರ. ಇವತ್ತು ಒಂದೇ ಮಾತು, ರಸ್ತೆಯ ಹಂಪ್ ಇರಬೇಕಾದ್ದಕ್ಕಿಂತ ಎತ್ತರ ಇದೆ ಅಂತ. ನನ್ನ ಕಾರು ಕೆಳಗಿಲ್ಲ. ಹಂಪ್ ಮೇಲಿದೆ.

ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳಿ. ನನ್ನದು ಹಳೆಯ ಫೋಕ್ಸ್‌ವ್ಯಾಗನ್ ಪೋಲೋ ಕಾರು. ಕಂಪನಿಯಿಂದ ಬಂದಾಗ ನೆಲಕ್ಕೂ ಹೊಟ್ಟೆಗೂ ಸುಮಾರು 165 ಮಿಲಿಮೀಟರ್ ಜಾಗ. ನಾನು ಸ್ಪ್ರಿಂಗ್ ಬದಲಿಸಿ 40 ಮಿಲಿಮೀಟರ್ ಇಳಿಸಿದ್ದೇನೆ. ಉಳಿದದ್ದು 125. ಅಂದರೆ ಹನ್ನೆರಡೂವರೆ ಸೆಂಟಿಮೀಟರ್. ಎಷ್ಟು ಇಳಿಸಿದೆ? ನಾಲ್ಕು ಸೆಂಟಿಮೀಟರ್. ಕಾರಿನಲ್ಲಿ ನಾಲ್ಕು ಜನ ದಪ್ಪಗಿರುವವರು ಕೂತು, ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟರೆ ನಿಮ್ಮ ಕಾರೂ ಹತ್ತಿರ ಹತ್ತಿರ ಅಷ್ಟೇ ಇಳಿಯುತ್ತದೆ. ಆಗ ಯಾರೂ ನೆಲ ಒರೆಸೋ ಬಟ್ಟೆ ಅನ್ನುವುದಿಲ್ಲ. ತುಂಬಿದ ಸಂಸಾರ ಅನ್ನುತ್ತಾರೆ.

ಈಗ ಹಂಪ್ ಕಡೆ ಬನ್ನಿ. ನಮ್ಮ ದೇಶದಲ್ಲಿ ಹಂಪ್ ಹೇಗಿರಬೇಕು ಅನ್ನುವುದಕ್ಕೆ ಪುಸ್ತಕವೇ ಇದೆ. ನಿಜವಾಗಿಯೂ ಇದೆ! ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ, 1934ರಿಂದ ಇದೆ. ರಸ್ತೆಗೆ ಏನೇನು ಅಳತೆ ಅಂತ ಅವರು ಬರೆಯುತ್ತಾರೆ. ಹಂಪ್ ಬಗ್ಗೆ ಅವರು ಬರೆದ ಐಆರ್‌ಸಿ 99 ಅನ್ನುವ ಪುಸ್ತಕ, 1988ರ ಆವೃತ್ತಿ (2018ರಲ್ಲಿ ಪರಿಷ್ಕರಿಸಿದ್ದಾರೆ), ಹೇಳಿದ್ದು ಇಷ್ಟು: ಹಂಪ್ ಎತ್ತರ 10 ಸೆಂಟಿಮೀಟರ್. ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವ ಹಾಗೆ. ಕಪ್ಪು ಬಿಳಿ ಪಟ್ಟೆ ಬಳಿದಿರಬೇಕು. ಮೊದಲೇ ಬೋರ್ಡ್ ಇರಬೇಕು.

ಎತ್ತರ ಬಿಡಿ, ಆ ಅಗಲ ನೋಡಿ. 3.7 ಮೀಟರ್. ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು ಸುಮಾರು ಎರಡೂವರೆ ಮೀಟರ್. ಅಂದರೆ ಸರಿಯಾದ ಹಂಪ್ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಹತ್ತಿರುತ್ತವೆ. ಇಡೀ ಕಾರೇ ಮೇಲೆ ಬಂದಿರುತ್ತದೆ. ಹೊಟ್ಟೆಯ ಕೆಳಗೆ ಆ ಉಬ್ಬು ತಿನ್ನುವುದು ಬರೀ ನಾಲ್ಕೂವರೆ ಸೆಂಟಿಮೀಟರ್. ನನ್ನ ಹನ್ನೆರಡೂವರೆಯಲ್ಲಿ ಇನ್ನೂ ಎಂಟು ಉಳಿಯುತ್ತದೆ. ಬೆಕ್ಕಿನ ಮರಿ ಮಲಗಬಹುದು.

ಈಗ ನಮ್ಮ ಬೀದಿಯ ಹಂಪ್. ನಾನೇ ಅಳೆದಿದ್ದೇನೆ. ಬೆಳಿಗ್ಗೆ ಆರಕ್ಕೆ, ಟೇಪು, ಉದ್ದ ಪಟ್ಟಿ, ಪಕ್ಕದ ಕಟ್ಟಡದ ಮೇಸ್ತ್ರಿಯಿಂದ ಇಸಕೊಂಡ ರಸಮಟ್ಟ ಹಿಡಿದು ರಸ್ತೆ ಮೇಲೆ ಕೂತಿದ್ದೆ. ನಾಲ್ಕು ನಾಯಿ ಸುತ್ತ ನಿಂತವು. ಎದುರು ಮನೆಯ ಆಂಟಿ ರಂಗೋಲಿ ಅರ್ಧಕ್ಕೆ ಬಿಟ್ಟು ಬಂದು ಕೇಳಿದರು: "ಸಾರ್, ಅಳತೆಗೆ ಬಂದ್ರಾ? ಕಾವೇರಿ ನೀರು ಯಾವಾಗ ಬಿಡ್ತೀರಾ?" ನಾನು ಇದೇ ಬೀದಿಯವನು ಅಂದೆ. ಅವರಿಗೆ ನನ್ನ ಮೇಲಿದ್ದ ಗೌರವ ಅಲ್ಲೇ ಮುಗಿಯಿತು.

ಎತ್ತರ 19 ಸೆಂಟಿಮೀಟರ್. ಅಗಲ 1 ಮೀಟರ್ 10. ಇದು ಪೂರ್ತಿಯಾಗಿ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಬಂದು ಕೂರುತ್ತದೆ. ಆಗ ತಿನ್ನುವುದು ನಾಲ್ಕೂವರೆ ಅಲ್ಲ, ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಕಂಪನಿ ಕೊಟ್ಟ ಹಾಗೇ ಇಟ್ಟುಕೊಂಡ ಕಾರಿಗೆ ಎಷ್ಟಿತ್ತು? ಹದಿನಾರೂವರೆ. ಅದೂ ತಾಗುತ್ತದೆ! ನಿಮ್ಮದೂ ತಾಗುತ್ತದೆ ಹಿರಿಯರೇ! ನೀವು ಹಾಡು ಜೋರಾಗಿ ಇಟ್ಟುಕೊಂಡಿರುತ್ತೀರಿ, ಕೇಳಿಸುವುದಿಲ್ಲ, ಅಷ್ಟೇ. ನನ್ನ ಕಾರು ಕೆಳಗಿಲ್ಲ. ಹಂಪ್ ಮೇಲಿದೆ.

ಇಷ್ಟರಲ್ಲಿ ಸಬ್‌ಸ್ಕ್ರೈಬ್ ಮಾಡಿರದಿದ್ದರೆ ಮಾಡಿಬಿಡಿ. ಲೆಕ್ಕ ಸಮೇತ ಜಗಳ ಆಡುವವರು ಕನ್ನಡದಲ್ಲಿ ಕಡಿಮೆ ಇದ್ದೇವೆ.

ಕಷ್ಟ ಇಲ್ಲ ಅಂತ ಹೇಳುತ್ತಿಲ್ಲ. ಕಷ್ಟ ಇದೆ. ಹಂಪ್ ಬಂದರೆ ನೇರವಾಗಿ ಹತ್ತುವಂತಿಲ್ಲ. ಓರೆಯಾಗಿ ಹತ್ತಬೇಕು. ಒಂದು ಚಕ್ರ, ಆಮೇಲೆ ಇನ್ನೊಂದು. ಅದಕ್ಕೆ ಇಡೀ ರಸ್ತೆ ಬೇಕು. ಹಿಂದಿನ ಆಟೋದವರು ನಾನು ಬಲಕ್ಕೆ ತಿರುಗುತ್ತಿದ್ದೇನೆ ಅಂದುಕೊಂಡು ಎಡಕ್ಕೆ ನುಗ್ಗುತ್ತಾರೆ. ಅಷ್ಟರಲ್ಲಿ ನಾನು ಎಡಕ್ಕೆ ಬರುತ್ತೇನೆ. ಮುಂದೆ ಅವರು ಹೇಳುವ ಮಾತನ್ನು ಇಲ್ಲಿ ಹೇಳಿದರೆ ಈ ಚಾನೆಲ್ ಇರುವುದಿಲ್ಲ.

ಮನೆಯವರೆಲ್ಲ ಹೊರಟರೆ ಇನ್ನೊಂದು ಕಥೆ. ದೊಡ್ಡ ಹಂಪ್ ಬಂದಾಗ ಹಿಂದೆ ಕೂತ ಮೂವರೂ ಇಳಿಯಬೇಕು. ಅವರು ನಡೆದು ದಾಟುತ್ತಾರೆ, ನಾನು ಖಾಲಿ ಕಾರು ದಾಟಿಸುತ್ತೇನೆ, ಮತ್ತೆ ಹತ್ತುತ್ತಾರೆ. ನಮ್ಮತ್ತೆ ಒಂದು ಸಲ ಇಳಿದವರು ಮತ್ತೆ ಹತ್ತಲೇ ಇಲ್ಲ. "ಇನ್ನೆರಡು ಹಂಪ್ ತಾನೇ, ನಡ್ಕೊಂಡೇ ಬರ್ತೀನಿ ಬಿಡಿ" ಅಂದರು. ನಮಗಿಂತ ಮೊದಲು ಛತ್ರ ತಲುಪಿದರು.

ಮಾಲ್ ಬೇಸ್‌ಮೆಂಟಿಗೆ ಇಳಿಯುವಾಗ ಮುಂದಿನ ಬಂಪರ್ ತಾಗುತ್ತದೆ. ಪೆಟ್ರೋಲ್ ಬಂಕಿಗೆ ಹತ್ತುವಲ್ಲಿ ಮೋರಿ ಚಪ್ಪಡಿ ಎದ್ದಿರುತ್ತದೆ. ಪಂಕ್ಚರ್ ಆದರೆ ಅಂಗಡಿಯವನ ಜಾಕ್ ಕಾರಿನ ಕೆಳಗೆ ಹೋಗುವುದೇ ಇಲ್ಲ. ಮೊದಲು ಚಕ್ರವನ್ನು ಹಲಗೆ ಮೇಲೆ ಹತ್ತಿಸಬೇಕು, ಆಮೇಲೆ ಜಾಕ್. ಹಾಗಾಗಿ ನನ್ನ ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಎರಡು ಹಲಗೆ ಯಾವಾಗಲೂ ಇರುತ್ತವೆ. ಬಡಗಿನಾ ಅಂತ ಕೇಳಿದವರಿದ್ದಾರೆ.

ಖರ್ಚು. ಹೌದು, ಖರ್ಚೂ ಇದೆ. ಇಳಿಸಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ ಸರಿ, ಮಾಡಿಸಲೇಬೇಕು. ಇಲ್ಲದಿದ್ದರೆ ಟೈರ್ ಒಳಗಡೆ ಅಂಚು ಮಾತ್ರ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸ ಟೈರ್, ಒಳಗೆ ತಂತಿ ಕಾಣುತ್ತಿರುತ್ತದೆ. ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಚಕ್ರವನ್ನು ಕಾರಿಗೆ ಹಿಡಿದಿಡುವ ಇವೆಲ್ಲ ಬೇಗ ಹೋಗುತ್ತವೆ. ಹಳೆಯ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡು ಬರೀ ಸ್ಪ್ರಿಂಗ್ ಬದಲಿಸಿದರೆ ಶಾಕ್ ಆಡುವುದಕ್ಕೆ ಜಾಗ ಕಡಿಮೆ. ಗುಂಡಿಗೆ ಇಳಿದಾಗಲೆಲ್ಲ ರಬ್ಬರ್ ಸ್ಟಾಪರ್‌ಗೆ ಹೊಡೆಯುತ್ತದೆ, ಆಯಿಲ್ ಲೀಕ್ ಶುರು. ಇನ್ನು ಗ್ರೈಂಡರ್ ಹಿಡಿದು ಸ್ಪ್ರಿಂಗ್ ಕತ್ತರಿಸುತ್ತಾರಲ್ಲ, ಅದನ್ನು ಮಾತ್ರ ಮಾಡಿಸಬೇಡಿ. ಕೈ ಮುಗಿಯುತ್ತೇನೆ. ಸುರುಳಿ ಕಡಿಮೆಯಾದಷ್ಟು ಸ್ಪ್ರಿಂಗ್ ಗಡಸಾಗುತ್ತದೆ. ಚಕ್ರ ಗಾಳಿಯಲ್ಲಿ ತೂಗಿದಾಗ ಅದು ತನ್ನ ಜಾಗದಿಂದ ಜಾರಿಬಿಡಬಹುದು. ಐನೂರು ರೂಪಾಯಿಯಲ್ಲಿ ಮುಗಿಯುತ್ತದೆ ಅಂತ ಹೋಗುತ್ತಾರೆ. ನಿಜ, ಎಲ್ಲಾ ಮುಗಿಯುತ್ತದೆ.

ನನ್ನ ಕಾರಿನ ಹೊಟ್ಟೆಯಲ್ಲಿ ಇಂಜಿನ್ ಆಯಿಲ್ ಇರುವ ಚೇಂಬರ್ ಒಂದು ಸಲ ಒಡೆದಿದೆ. ಅದಕ್ಕೆ ಸಂಪ್ ಅಂತಲೂ ಅನ್ನುತ್ತಾರೆ. ರಾತ್ರಿ, ಬಣ್ಣ ಇಲ್ಲದ ಹಂಪ್. ಮನೆಗೆ ಫೋನ್ ಮಾಡಿ "ಸಂಪ್ ಒಡೆದಿದೆ" ಅಂದೆ. ಅಪ್ಪ ಫೋನ್ ಇಟ್ಟವರೇ ಟಾರ್ಚ್ ಹಿಡಿದು ಮನೆ ಮುಂದಿನ ನೀರಿನ ಸಂಪ್ ನೋಡೋಕೆ ಹೋಗಿದ್ದಾರೆ. ವಾಪಸ್ ಫೋನ್: "ಸಂಪ್ ತುಂಬಾ ನೀರಿದೆ, ಎಲ್ಲಿ ಒಡೆದಿದೆ?" ನಾನು ಇಲ್ಲಿ ರಸ್ತೆ ಮೇಲೆ ಆಯಿಲ್ ಹರಿಯುವುದನ್ನು ನೋಡುತ್ತಾ ನಿಂತಿದ್ದೇನೆ. ಟೋಯಿಂಗ್, ಚೇಂಬರ್, ಆಯಿಲ್, ಲೇಬರ್. ಆ ಬಿಲ್ಲನ್ನು ಫ್ರೇಮ್ ಹಾಕಿಸಬೇಕು ಅಂತಿದ್ದೇನೆ. ತಪ್ಪು ಯಾರದು? ನನ್ನದಾ? ಹತ್ತು ಸೆಂಟಿಮೀಟರ್ ಹಾಕಬೇಕಾದ ಕಡೆ ಇಪ್ಪತ್ತು ಹಾಕಿದ್ದು ನಾನಾ? ಹಂಪ್ ಮೇಲಿದೆ ಸ್ವಾಮಿ, ಹಂಪ್!

ಈಗ ನೀವು ಕೇಳುತ್ತೀರಿ. "ಹಂಪ್ ಇರೋದರಿಂದ ಮಕ್ಕಳು ಉಳಿದಿದ್ದಾರೆ." ಒಪ್ಪಿದೆ. ಸ್ಕೂಲ್ ಮುಂದೆ ಹತ್ತು ಹಂಪ್ ಹಾಕಿ. ಸರಿಯಾದ ಅಳತೆಯಲ್ಲಿ ಹಾಕಿ. ರಾತ್ರೋರಾತ್ರಿ ಉಳಿದ ಕಾಂಕ್ರೀಟ್ ತಂದು ಗೋಡೆ ಕಟ್ಟಿದ ಹಾಗೆ ಕಟ್ಟಿ, ಬಣ್ಣ ಬಳಿಯದೆ, ಬೋರ್ಡ್ ಇಡದೆ ಹೋದರೆ ಬೈಕಿನವನು ಅದರ ಮೇಲೇ ಬೀಳುತ್ತಾನೆ. ಬಸುರಿ ಹೆಂಗಸನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರನ್ನು ಕೇಳಿ, ಹಂಪ್ ಅಂದರೆ ಏನು ಅಂತ. ಅವರೂ ನನ್ನ ಹಾಗೆ ಸ್ಪ್ರಿಂಗ್ ಬದಲಿಸಿ ಆಟೋ ಇಳಿಸಿದ್ದರಾ?

"ಹಂಗಿದ್ರೆ ಎಸ್‌ಯುವಿ ತಗೋ ಗುರು." ಓಹೋ. ನೆಲ ಎದ್ದಿದೆ ಅಂತ ಏಣಿ ತಗೊಳ್ಳಬೇಕಾ? ನಾಳೆ ಹಂಪ್ ಇನ್ನೂ ಎತ್ತರ ಮಾಡುತ್ತಾರೆ. ಆಮೇಲೆ ಏನು, ಟ್ರ್ಯಾಕ್ಟರ್?

"ಇದು ಕಾನೂನುಬಾಹಿರ." ಇದನ್ನು ಬರೆದವರು ವಕೀಲರಂತೆ. 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 52. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ನನ್ನ ವಾದ ಏನೆಂದರೆ, ಆರ್‌ಸಿಯಲ್ಲಿ ಬಣ್ಣ ಇದೆ, ತೂಕ ಇದೆ, ವೀಲ್‌ಬೇಸ್ ಇದೆ, ಗ್ರೌಂಡ್ ಕ್ಲಿಯರೆನ್ಸ್, ಅದೇ ನೆಲಕ್ಕೂ ಹೊಟ್ಟೆಗೂ ನಡುವಿನ ಜಾಗ, ಅನ್ನುವ ಕಾಲಂ ಎಲ್ಲಿದೆ? ಹೇಗಿದೆ ಪಾಯಿಂಟು! ಇದನ್ನು ಆರ್‌ಟಿಓ ಇನ್‌ಸ್ಪೆಕ್ಟರ್ ಮುಂದೆ ಮಾತ್ರ ಹೇಳಬೇಡಿ. ಕೆಲಸ ಮಾಡುವುದಿಲ್ಲ. ಇನ್ಶೂರೆನ್ಸ್‌ನವರ ಮುಂದೆಯಂತೂ ಬೇಡವೇ ಬೇಡ. ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆ ಇಲ್ಲ. ಒಳ್ಳೆಯದು.

ಊರಿಗೆ ಹೋಗುವ ಬಗ್ಗೆ ಒಂದು ಮಾತು, ಇದು ಸ್ಕ್ರಿಪ್ಟ್‌ನಲ್ಲಿ ಇಲ್ಲ. ನಮ್ಮೂರು ಕುಣಿಗಲ್ ಕಡೆ. ಸುಗ್ಗಿ ಟೈಮಲ್ಲಿ ರಸ್ತೆ ತುಂಬ ಹುರುಳಿ ಹರಡಿರುತ್ತಾರೆ. ನಮ್ಮ ಗಾಡಿ ಹರಿದು ಒಕ್ಕಣೆ ಆಗಲಿ ಅಂತ. ನಿಮ್ಮ ಕಾರು ಕೆಳಗಿದ್ದರೆ ದಯವಿಟ್ಟು ಅದರ ಮೇಲೆ ಹೋಗಬೇಡಿ. ಒಣ ಬಳ್ಳಿ ಚಕ್ರ ತಿರುಗಿಸುವ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಪೈಪು ಬಿಸಿ ಇರುತ್ತದೆ, ಬೆಂಕಿ ಹತ್ತುತ್ತದೆ. ಹಾಗೆ ಸುಟ್ಟುಹೋದ ಕಾರುಗಳ ಸುದ್ದಿ ನೀವೂ ಓದಿರುತ್ತೀರಿ. ಎತ್ತರದ ಕಾರುಗಳಿಗೂ ಆಗಿದೆ. ಅದರಲ್ಲಿ ತಮಾಷೆ ಇಲ್ಲ. ನಾನು ಊರ ಹೊರಗೆ ಕಾರು ನಿಲ್ಲಿಸಿ ಚಿಕ್ಕಪ್ಪನ ಬೈಕಲ್ಲಿ ಹೋಗುತ್ತೇನೆ. ಚಿಕ್ಕಪ್ಪ ಪ್ರತಿ ಸಲ ಕೇಳುತ್ತಾರೆ: "ಅಲ್ಲ ಮಗಾ, ಅಷ್ಟು ದುಡ್ಡು ಕೊಟ್ಟು ಕಾರ್ ತಗೊಂಡು ನನ್ನ ಬೈಕಲ್ಲಿ ಕೂರ್ತೀಯಲ್ಲ, ಅದನ್ಯಾಕೆ ಇಳಿಸ್ದೆ?"

ಯಾಕೆ ಇಳಿಸಿದೆ. ಹೌದು, ಅದನ್ನು ಹೇಳಲೇ ಇಲ್ಲ. ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ. ಭಾರ ನೆಲಕ್ಕೆ ಹತ್ತಿರ ಇರುತ್ತದೆ. ಹೀಗೆ ಬರೆದುಕೊಂಡಿದ್ದೇನೆ ಇಲ್ಲಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ತಿರುವು ಎಲ್ಲಿ ಬರುತ್ತದೆ, ವಾಲುವಷ್ಟು ಸ್ಪೀಡ್ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ. ಚೆನ್ನಾಗಿ ಕಾಣುತ್ತದೆ. ಅಷ್ಟೇ. ಚಕ್ರಕ್ಕೂ ಬಾಡಿಗೂ ನಡುವೆ ಆ ದೊಡ್ಡ ಗ್ಯಾಪ್ ಇದ್ದರೆ ಪ್ಯಾಂಟ್ ಮೇಲೆ ಮಡಚಿಕೊಂಡು ಗದ್ದೆಗೆ ಇಳಿದವನ ಥರ ಕಾಣುತ್ತದೆ ಕಾರು. ಸಂಜೆ ಪಾರ್ಕ್ ಮಾಡಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ನೋಡುತ್ತೇನೆ. ದಿನಾ ನೋಡುತ್ತೇನೆ. ನಿಮ್ಮ ಕಾರನ್ನು ನೀವು ತಿರುಗಿ ನೋಡುತ್ತೀರಾ? ನೋಡಲ್ಲ. ಲಾಕ್ ಆಯ್ತಾ ಅಂತ ನೋಡುತ್ತೀರಿ.

ಇನ್ನೂ ಎರಡು ಪಾಯಿಂಟ್ ಇತ್ತು. ಎಲ್ಲಿ ಬರೆದೆ... ಇರಲಿ. ಅದೂ ಹಂಪ್ ಮೇಲಿದೆ ಅಂತಲೇ.

"ಹಂಪ್ ಮೇಲಿದೆ" ಅಂತ ಸ್ಟಿಕ್ಕರ್ ಮಾಡಿಸಿದ್ದೇನೆ, ನೂರಿಪ್ಪತ್ತು ರೂಪಾಯಿ, ಲಿಂಕ್ ಕೆಳಗಿದೆ. ಹೌದು, ಲಿಂಕ್ ಕೂಡ ಕೆಳಗೇ ಇದೆ. ಹಿಂದಿನ ಗಾಜಿಗೆ ಹಾಕಿ, ಬಂಪರ್‌ಗೆ ಹಾಕಬೇಡಿ, ಉಜ್ಜಿ ಹೋಗುತ್ತದೆ. ನನ್ನದು ಹೋಗಿದೆ.

ಕಾಮೆಂಟಲ್ಲಿ ಬೈಯುವ ಮೊದಲು ನಿಮ್ಮ ಬೀದಿಯ ಹಂಪ್ ಅಳೆದು ಸೆಂಟಿಮೀಟರ್ ಲೆಕ್ಕ ಹಾಕಿ. ಹತ್ತು ಬಂದರೆ ಹೇಳಿ, ಅಲ್ಲಿಗೇ ಬಂದು ವಿಡಿಯೋ ಮಾಡುತ್ತೇನೆ. ಹನ್ನೊಂದು ಬಂದರೂ ಬರುತ್ತೇನೆ. ಹನ್ನೆರಡಕ್ಕೂ ಸರಿ. ಅದರ ಮೇಲೆ ಇದ್ದರೆ ಬೈಕಲ್ಲಿ ಬರುತ್ತೇನೆ.